ಗಿಪ್ ಹೆಸರಿನಲ್ಲಿ ಒಂದು ಪಂದ್ಯ: ರಾಕ್ನಿ ಆಡಿದ ಮಾತಿನ ಪ್ರಕರಣ ಅಧ್ಯಯನ

ಕಾಲೇಜು ತಂಡಗಳ ಜೊತೆ ಓಡಾಡಿದವರಿಗೆಲ್ಲ ಈ ಗಳಿಗೆ ಗೊತ್ತು. ಪಂದ್ಯಕ್ಕೆ ಇನ್ನು ಹತ್ತು ನಿಮಿಷ. ಹುಡುಗರು ಸ್ಟಾಕಿಂಗ್ಸ್ ಎಳೆದುಕೊಂಡು, ಬೂಟಿನ ಲೇಸನ್ನು ಎರಡು ಸುತ್ತು ಬಿಗಿದು, ಮೊಣಕಾಲಿಗೆ ಮುಲಾಮು ತಿಕ್ಕಿಕೊಂಡು ಗೋಡೆಗೊರಗಿ ಕೂತಿರುತ್ತಾರೆ. ಯಾರ ಬಾಯಲ್ಲೂ ಮಾತಿಲ್ಲ. ಎಲ್ಲರ ಕಣ್ಣೂ ಕೋಚ್ ಮೇಲೆ. ಆಗ ನಾವು ಆಡುವ ನಾಲ್ಕು ಮಾತಿಗೆ ಆ ಮಕ್ಕಳು ತಮ್ಮ ಮೈಯನ್ನೇ ಒಪ್ಪಿಸಿಬಿಡುತ್ತಾರೆ. ಓಡು ಅಂದರೆ ಓಡುತ್ತಾರೆ, ಬೀಳು ಅಂದರೆ ಬೀಳುತ್ತಾರೆ.

ನಾನು ಇಪ್ಪತ್ತೆರಡು ವರ್ಷಗಳಿಂದ ಪದವಿ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ಫುಟ್‌ಬಾಲ್ ತಂಡದ ಹೊಣೆ ನನ್ನದೇ. ಆ ಹತ್ತು ನಿಮಿಷದಲ್ಲಿ ಏನು ಹೇಳಬೇಕು, ಏನು ಹೇಳಬಾರದು ಎಂದು ಯೋಚಿಸುವಾಗಲೆಲ್ಲ ನನ್ನ ತಲೆಗೆ ಬರುವುದು ಒಂದು ಹಳೆಯ ಪ್ರಕರಣ. ನಡೆದದ್ದು ಅಮೆರಿಕದಲ್ಲಿ, ಹೆಚ್ಚುಕಡಿಮೆ ನೂರು ವರ್ಷದ ಹಿಂದೆ. ಅಲ್ಲಿ ಕಾಲೇಜು ಕೋಚ್ ಒಬ್ಬ ತಂಡಕ್ಕೆ ಆಡಿದ ಮಾತುಗಳಲ್ಲಿ ಇಷ್ಟು ಹೆಸರಾದದ್ದು ಇನ್ನೊಂದಿಲ್ಲ. ಆದರೆ ಅದನ್ನು ಯಾವಾಗಲೂ ಅರ್ಧ ಮಾತ್ರ ಹೇಳುತ್ತಾರೆ. ಗೆದ್ದಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಪಾಠವಾದದ್ದು ಅದರ ಹಿಂದಿನದು ಮತ್ತು ಮುಂದಿನದು.

ಅಂದಿನ ಸ್ಥಿತಿ

1928ರ ನವೆಂಬರ್ 10, ಶನಿವಾರ. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ. ಸುಮಾರು 78,000 ಜನ. ಒಂದು ಕಡೆ ಆರ್ಮಿ, ಅಂದರೆ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಕೆಡೆಟ್‌ಗಳು. ಆ ವರ್ಷ ಅವರು ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಇನ್ನೊಂದು ಕಡೆ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿನ ನೋಟರ್ ಡೇಮ್ ವಿಶ್ವವಿದ್ಯಾಲಯ. ಆರು ಪಂದ್ಯಗಳಲ್ಲಿ ಎರಡು ಸೋತು ಬಂದಿತ್ತು. ವಿಸ್ಕಾನ್ಸಿನ್ 22–6ರಿಂದ ಬಡಿದಿತ್ತು, ಜಾರ್ಜಿಯಾ ಟೆಕ್ ಒಂದು ಅಂಕವನ್ನೂ ಗಳಿಸಗೊಡದೆ ಕಳಿಸಿತ್ತು. ಗಾಯಾಳುಗಳು ಬೇರೆ.

ಆಟ ನಮ್ಮ ಫುಟ್‌ಬಾಲ್ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಎಸೆಯಬಹುದು. ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಹೋದರೆ ಚೆಂಡು ನಿಮ್ಮಲ್ಲೇ ಉಳಿಯುತ್ತದೆ. ಎದುರಾಳಿಯ ಗೆರೆ ದಾಟಿದರೆ 6 ಅಂಕ, ಅದಾದ ಮೇಲೆ ಒಂದು ಕಿಕ್ ಸರಿ ಬಿದ್ದರೆ ಇನ್ನೊಂದು. ಆ ಕಾಲದಲ್ಲಿ ಅದೇ ಹನ್ನೊಂದು ಜನ ದಾಳಿಗೂ ನಿಲ್ಲಬೇಕು, ತಡೆಗೂ ನಿಲ್ಲಬೇಕು. ಗುದ್ದಾಟ, ಬೀಳಾಟ, ಎದ್ದು ಮತ್ತೆ ಗುದ್ದಾಟ. ಕಬಡ್ಡಿಯಲ್ಲಿ ಏಳು ಜನ ಸೇರಿ ಒಬ್ಬನನ್ನು ಅಮುಕಿ ಹಿಡಿಯುತ್ತಾರಲ್ಲ, ಅದು ಒಂದು ಗಂಟೆಯ ಆಟದಲ್ಲಿ ನೂರು ಸಲ ನಡೆದಂತೆ ಎಂದುಕೊಳ್ಳಿ. ಮೈ ಸೋತ ಮೇಲೂ ಕಾಲು ನಡೆಯಬೇಕು. ಮಾತಿಗೆ ಅಷ್ಟು ಬೆಲೆ ಬಂದದ್ದು ಅದಕ್ಕೇ.

ಆಟದ ಹೊರಗೂ ಒಂದು ಸಂಗತಿ ಇತ್ತು. ನಾಲ್ಕು ದಿನ ಮೊದಲು, ನವೆಂಬರ್ 6ರಂದು, ಅಮೆರಿಕದ ಅಧ್ಯಕ್ಷ ಚುನಾವಣೆ ನಡೆದಿತ್ತು. ದೊಡ್ಡ ಪಕ್ಷವೊಂದರಿಂದ ಅಧ್ಯಕ್ಷ ಪದವಿಗೆ ನಿಂತ ಮೊದಲ ಕ್ಯಾಥಲಿಕ್, ನ್ಯೂಯಾರ್ಕಿನ ಗವರ್ನರ್ ಆಲ್ ಸ್ಮಿತ್, ಹರ್ಬರ್ಟ್ ಹೂವರ್ ಎದುರು ಹೀನಾಯವಾಗಿ ಸೋತಿದ್ದ. ಸೋಲಿಗೆ ಕಾರಣ ಹಲವು, ಆದರೆ ಪ್ರಚಾರದುದ್ದಕ್ಕೂ ಅವನ ಧರ್ಮವನ್ನು ಹೀಗಳೆದದ್ದನ್ನು ಯಾರೂ ಮರೆತಿರಲಿಲ್ಲ. ನೋಟರ್ ಡೇಮ್ ಕ್ಯಾಥಲಿಕ್ ಪಾದ್ರಿಗಳು ಕಟ್ಟಿದ ಸಂಸ್ಥೆ. ಐರಿಷ್, ಪೋಲಿಷ್, ಇಟಾಲಿಯನ್ ವಲಸಿಗರ ಮಕ್ಕಳು ಓದುವ ಜಾಗ. ಆ ದಶಕದಲ್ಲಿ ಇಂಡಿಯಾನಾ ಎಂದರೆ ಕಪ್ಪು ಜನರನ್ನು, ಕ್ಯಾಥಲಿಕರನ್ನು, ವಲಸಿಗರನ್ನು ದ್ವೇಷಿಸುವ ಕೂ ಕ್ಲಕ್ಸ್ ಕ್ಲಾನ್ ಎಂಬ ಸಂಘಟನೆಯ ಭದ್ರಕೋಟೆ. 1924ರ ಮೇ ತಿಂಗಳಲ್ಲಿ ಕ್ಲಾನ್‌ನವರು ಸೌತ್ ಬೆಂಡಿನಲ್ಲಿ ಸೇರಿದಾಗ ಇದೇ ವಿಶ್ವವಿದ್ಯಾಲಯದ ಹುಡುಗರು ಬೀದಿಗಿಳಿದು ಕೈ ಮಿಲಾಯಿಸಿದ್ದರು. ನೋಟರ್ ಡೇಮಿನ ಮೆಟ್ಟಿಲು ಹತ್ತದಿದ್ದರೂ ಆ ತಂಡವನ್ನು ತಮ್ಮದೆಂದುಕೊಂಡ ಕೂಲಿಗಳು, ಗುಮಾಸ್ತರು, ಪೊಲೀಸರು ನ್ಯೂಯಾರ್ಕಿನ ನೆಲದಡಿಯ ರೈಲು ಹಿಡಿದು ಸ್ಟೇಡಿಯಂಗೆ ಬರುತ್ತಿದ್ದರು. ಅವರಿಗೆ ಆ ವಾರ ಮನಸ್ಸು ಮುರಿದಿತ್ತು. ಕೋಚ್ ಬಾಯಿ ತೆರೆಯುವ ಮೊದಲೇ ಆ ಕೋಣೆಯ ಗಾಳಿ ಭಾರವಾಗಿತ್ತು ಎಂದು ನನಗನ್ನಿಸುವುದು ಇದಕ್ಕೆ.

ಮಾತಾಡಿದವನು

ನೂಟ್ ರಾಕ್ನಿ ಹುಟ್ಟಿದ್ದು 1888ರಲ್ಲಿ, ನಾರ್ವೆಯ ವೋಸ್ ಎಂಬ ಊರಲ್ಲಿ. ಐದರ ಪ್ರಾಯಕ್ಕೆ ಶಿಕಾಗೋಗೆ ಬಂದ. ಅಂಚೆ ಕಚೇರಿಯಲ್ಲಿ ದುಡಿದು ಹಣ ಕೂಡಿಸಿ, 22 ವರ್ಷಕ್ಕೆ ನೋಟರ್ ಡೇಮಿಗೆ ಸೇರಿದ. ಓದಿದ್ದು ರಸಾಯನಶಾಸ್ತ್ರ, ಅದನ್ನೇ ಅಲ್ಲಿ ಕಲಿಸಿದ ಕೂಡ. ಕೊಳಲು ಊದುತ್ತಿದ್ದ, ಕಾಲೇಜು ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದ. ಈ ನಾಟಕದ ಸಂಗತಿ ಮುಂದೆ ಬೇಕಾಗುತ್ತದೆ. 1913ರಲ್ಲಿ ಇದೇ ಆರ್ಮಿ ತಂಡದ ಎದುರು ಗಸ್ ಡೊರೇ ಎಸೆದ ಚೆಂಡುಗಳನ್ನು ಓಡುತ್ತ ಹಿಡಿದು 35–13ರಿಂದ ಗೆಲ್ಲಿಸಿದವರಲ್ಲಿ ಅವನೂ ಒಬ್ಬ. 1918ರಿಂದ ಅಲ್ಲಿಯೇ ಮುಖ್ಯ ಕೋಚ್. ಹದಿಮೂರು ವರ್ಷದಲ್ಲಿ 105 ಗೆಲುವು, 12 ಸೋಲು, 5 ಸಮ. ಆ ಹನ್ನೆರಡು ಸೋಲುಗಳಲ್ಲಿ ನಾಲ್ಕು 1928ರ ಒಂದೇ ವರ್ಷದ್ದು.

ಗಿಪ್

ಜಾರ್ಜ್ ಗಿಪ್ ಮಿಷಿಗನ್ ರಾಜ್ಯದ ಉತ್ತರ ತುದಿಯ ಲಾರಿಯಮ್ ಎಂಬ ತಾಮ್ರದ ಗಣಿಯೂರಿನ ಹುಡುಗ. ಹುಟ್ಟಿದ್ದು 1895ರಲ್ಲಿ. 1916ರಲ್ಲಿ ಬೇಸ್‌ಬಾಲ್ ಆಡಲೆಂದು ನೋಟರ್ ಡೇಮಿಗೆ ಬಂದ. ಮೈದಾನದ ಮೂಲೆಯಲ್ಲಿ ಸುಮ್ಮನೆ ಚೆಂಡು ಒದೆಯುತ್ತಿದ್ದವನನ್ನು ರಾಕ್ನಿ ಕಂಡು ಫುಟ್‌ಬಾಲ್ ತಂಡಕ್ಕೆ ಎಳೆದುಕೊಂಡ. ಮೊದಲ ವರ್ಷದ ಹುಡುಗರ ಪಂದ್ಯವೊಂದರಲ್ಲಿ ಚೆಂಡನ್ನು ಸುಮ್ಮನೆ ಎದುರು ಪಾಳೆಯಕ್ಕೆ ಒದ್ದು ಕಳಿಸು ಎಂದರೆ, ಅವನು ಅದನ್ನು ಕೇಳದೆ 62 ಗಜ ದೂರದಿಂದ ನೇರ ಗೋಲಿಗೇ ಒದ್ದ. ಬಿತ್ತು.

ಮಾದರಿ ವಿದ್ಯಾರ್ಥಿ ಅವನಾಗಿರಲಿಲ್ಲ. ತರಗತಿಗೆ ಚಕ್ಕರ್. ಊರಿನ ಬಿಲಿಯರ್ಡ್ಸ್ ಕೋಣೆಗಳಲ್ಲಿ ದುಡ್ಡಿಗೆ ಆಡುತ್ತಿದ್ದ, ಜೂಜು ಕಟ್ಟುತ್ತಿದ್ದ. 1920ರ ವಸಂತದಲ್ಲಿ ಅವನನ್ನು ವಿಶ್ವವಿದ್ಯಾಲಯದಿಂದ ಹೊರಹಾಕಿ ಮತ್ತೆ ಒಳಗೆ ತೆಗೆದುಕೊಂಡಿದ್ದೂ ಉಂಟು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಆರ್ಮಿ ವಿರುದ್ಧ ಒಬ್ಬನೇ 300 ಗಜಕ್ಕೂ ಮಿಗಿಲಾಗಿ ಚೆಂಡನ್ನು ಸಾಗಿಸಿ 27–17ರಿಂದ ಗೆಲ್ಲಿಸಿದ. ಚೆಂಡು ಹಿಡಿದು ಓಡಿದ ಲೆಕ್ಕದಲ್ಲಿ ಅವನು ಬಿಟ್ಟುಹೋದ 2,341 ಗಜಗಳ ದಾಖಲೆಯನ್ನು ಆ ವಿಶ್ವವಿದ್ಯಾಲಯದಲ್ಲಿ 1978ರವರೆಗೆ ಯಾರೂ ಮುರಿಯಲಿಲ್ಲ.

ನವೆಂಬರ್ ಬಂತು. ಭುಜಕ್ಕೆ ಪೆಟ್ಟು. ಮೇಲಿಂದ ಗಂಟಲು ನೋವು, ಜ್ವರ. ನವೆಂಬರ್ 20ರಂದು ನಾರ್ತ್‌ವೆಸ್ಟರ್ನ್ ವಿರುದ್ಧದ ಪಂದ್ಯದ ದಿನ ಕೊರೆಯುವ ಚಳಿ. ಗಿಪ್ ಬೆಂಚಿನ ಮೇಲಿದ್ದ. ಪಂದ್ಯ ಆಗಲೇ ಕೈಯಲ್ಲಿತ್ತು. ಆದರೂ ಜನ "ಗಿಪ್ ಬೇಕು, ಗಿಪ್ ಬೇಕು" ಎಂದು ಕೂಗಿದರು. ರಾಕ್ನಿ ಕೊನೆಯ ಭಾಗದಲ್ಲಿ ಅವನನ್ನು ಇಳಿಸಿದ. ಬಂದವನು ಚೆಂಡೆಸೆದು ಅಂಕ ತಂದುಕೊಟ್ಟ. ಕೆಲವೇ ದಿನದಲ್ಲಿ ಆಸ್ಪತ್ರೆ ಸೇರಿದ. ಗಂಟಲಿನ ಸ್ಟ್ರೆಪ್ಟೋಕಾಕಸ್ ಸೋಂಕು ನ್ಯುಮೋನಿಯಾಕ್ಕೆ ತಿರುಗಿತು. ಡಿಸೆಂಬರ್ 14ರಂದು ತೀರಿಕೊಂಡ. 25 ವರ್ಷ. ಇವತ್ತು ಒಂದು ವಾರದ ಮಾತ್ರೆಯಲ್ಲಿ ವಾಸಿಯಾಗುವ ಕಾಯಿಲೆ. ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ತನ್ನ ಗಾಜಿನ ತಟ್ಟೆಯಲ್ಲಿ ಪೆನಿಸಿಲಿನ್‌ನ ಬೂಸ್ಟನ್ನು ಗಮನಿಸಿದ್ದು 1928ರ ಸೆಪ್ಟೆಂಬರಿನಲ್ಲಿ, ಯಾಂಕೀ ಸ್ಟೇಡಿಯಂನ ಪಂದ್ಯಕ್ಕೆ ಎರಡು ತಿಂಗಳು ಮೊದಲು.

ಮಾತು

ರಾಕ್ನಿ ತಂಡವನ್ನು ಹತ್ತಿರ ಕೂರಿಸಿಕೊಂಡ. ಪಂದ್ಯಕ್ಕೆ ಮೊದಲು ಎಂದು ಕೆಲವರು, ವಿರಾಮದಲ್ಲಿ ಎಂದು ಇನ್ನು ಕೆಲವರು. ಅಲ್ಲಿದ್ದ ಹುಡುಗರ ನೆನಪುಗಳೇ ಒಂದಕ್ಕೊಂದು ಹೊಂದುವುದಿಲ್ಲ. ಕೂಗಾಡಲಿಲ್ಲ, ದನಿ ತಗ್ಗಿಸಿಯೇ ಹೇಳಿದ ಎಂಬುದು ಮಾತ್ರ ಮತ್ತೆ ಮತ್ತೆ ಬರುತ್ತದೆ. ಹೇಳಿದ್ದು ಗಿಪ್‌ನ ಕಡೆಯ ಮಾತು. ಎರಡು ವರ್ಷದ ನಂತರ, 1930ರಲ್ಲಿ, ಕಾಲಿಯರ್ಸ್ ವಾರಪತ್ರಿಕೆಯಲ್ಲಿ ರಾಕ್ನಿ ಹೆಸರಿನಲ್ಲಿ ಅಚ್ಚಾದ ರೂಪದಲ್ಲಿ ಅದು ಹೆಚ್ಚುಕಡಿಮೆ ಹೀಗಿದೆ: ನಾನು ಹೊರಡಬೇಕು, ರಾಕ್. ಪರವಾಗಿಲ್ಲ, ಹೆದರಿಕೆ ಇಲ್ಲ. ಯಾವತ್ತಾದರೂ ತಂಡ ಕಷ್ಟಕ್ಕೆ ಸಿಕ್ಕಿಕೊಂಡಾಗ, ಎಲ್ಲವೂ ಎದುರಾಗಿ ಅದೃಷ್ಟವೂ ಹುಡುಗರನ್ನು ಹೊಡೆಯುತ್ತಿರುವಾಗ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಗಿಪ್ಪರ್‌ಗೋಸ್ಕರ ಒಂದೇ ಒಂದು ಗೆದ್ದು ಬನ್ನಿ ಅಂತ ಅವರಿಗೆ ಹೇಳು. ಆಗ ನಾನು ಎಲ್ಲಿರುತ್ತೇನೋ ಗೊತ್ತಿಲ್ಲ. ಆದರೆ ನನಗೆ ತಿಳಿಯುತ್ತದೆ, ಸಂತೋಷವಾಗುತ್ತದೆ.

ಈ ಮಾತಿನ ಕಟ್ಟನ್ನು ನಾನು ಎಷ್ಟೋ ಸಲ ಬಿಚ್ಚಿ ನೋಡಿದ್ದೇನೆ. "ನೀವು ಬಲಶಾಲಿಗಳು" ಎಂದು ಇದರಲ್ಲಿ ಎಲ್ಲಿಯೂ ಇಲ್ಲ. ನಾವಾದರೆ ಅಲ್ಲಿಂದಲೇ ಶುರುಮಾಡುತ್ತೇವೆ: ನೀವು ಹುಲಿಗಳು, ನಿಮ್ಮ ಮುಂದೆ ಯಾರಿದ್ದಾರೆ? ಎದುರು ತಂಡ ಬಲವಾಗಿದೆ ಎಂದು ಹುಡುಗರಿಗೆ ಗೊತ್ತೇ ಇರುತ್ತದೆ. ಕೋಚ್ ಸುಳ್ಳು ಹೇಳುತ್ತಿದ್ದಾನೆ ಎಂದು ಅವರ ಮುಖದಲ್ಲೇ ಓದಬಹುದು. ಇಲ್ಲಿ ಮಾತು ಶುರುವಾಗುವುದೇ "ತಂಡ ಕಷ್ಟಕ್ಕೆ ಸಿಕ್ಕಿಕೊಂಡಾಗ" ಎಂದು. ಸೋಲುವ ಭಯವನ್ನು ಬಚ್ಚಿಡಬೇಕಾಗಿಲ್ಲ, ಅದು ಮೊದಲೇ ಕಂಡದ್ದು, ಆ ಹೊತ್ತಿಗೆಂದೇ ಈ ಮಾತನ್ನು ಎತ್ತಿಟ್ಟದ್ದು. ಭಯಪಟ್ಟ ಹುಡುಗನಿಗೆ ಇದಕ್ಕಿಂತ ದೊಡ್ಡ ಸಮಾಧಾನ ಇನ್ನೇನಿದೆ? ಎರಡನೆಯದು, ಕೇಳಿದ್ದು ತೀರ ಸಣ್ಣದು. ಎಲ್ಲ ಪಂದ್ಯ ಗೆಲ್ಲಿ ಎಂದಲ್ಲ, ಚಾಂಪಿಯನ್ ಆಗಿ ಎಂದಲ್ಲ. ಒಂದೇ ಒಂದು. ಬಳಲಿದ ಮೈಗೆ ಒಂದು ಪಂದ್ಯದ ಭಾರ ಹೊರಲು ಆಗುತ್ತದೆ, ಇಡೀ ಋತುವಿನ ಭಾರ ಆಗುವುದಿಲ್ಲ. ಕೊನೆಗೆ, ಎಲ್ಲಿರುತ್ತೇನೋ ಗೊತ್ತಿಲ್ಲ, ಆದರೆ ತಿಳಿಯುತ್ತದೆ ಎಂಬುದು. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ತಮ್ಮನ್ನು ಯಾರೋ ನೋಡುತ್ತಿದ್ದಾರೆ ಎಂಬ ಅರಿವು ಮಾಡಿಸುವ ಕೆಲಸವನ್ನು ಬೇರಾವುದೂ ಮಾಡಿಸದು. ಅಪ್ಪ ಗ್ಯಾಲರಿಯಲ್ಲಿ ಕೂತ ದಿನ ನಮ್ಮ ಹುಡುಗರು ಹೇಗೆ ಓಡುತ್ತಾರೆ ಎಂದು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನು ಯಾರೂ ಎತ್ತುವುದಿಲ್ಲ, ನನಗೆ ಅದೇ ಮುಖ್ಯ. ಗಿಪ್ ಸತ್ತು ಆಗಲೇ ಎಂಟು ವರ್ಷವಾಗಿತ್ತು. ಆ ಕೋಣೆಯಲ್ಲಿ ಕೂತಿದ್ದ ಹುಡುಗರು ಅವನು ಸತ್ತಾಗ ಹನ್ನೆರಡು ಹದಿಮೂರರ ಮಕ್ಕಳು. ಅವನ ಜೊತೆ ಊಟ ಮಾಡಿದವರಲ್ಲ, ಒಂದೇ ಕೋಣೆಯಲ್ಲಿ ಮಲಗಿದವರಲ್ಲ. ಅವರಿಗೆ ಗಿಪ್ ಎಂದರೆ ದುಃಖವಲ್ಲ, ಒಂದು ಕಥೆ. ದುಃಖ ಕಥೆಯಾಗಿ ಮಾಗಲು ಎಂಟು ವರ್ಷ ಹಿಡಿದಿತ್ತು.

ಇದು ಏಕೆ ಮುಖ್ಯ ಎಂದರೆ ಅದರ ತಿರುಗುಮುರುಗನ್ನು ನಾನು ಕಂಡಿದ್ದೇನೆ. ನಾನು ಪದವಿ ಎರಡನೇ ವರ್ಷದಲ್ಲಿದ್ದಾಗ ನಮ್ಮ ಗೋಲ್‌ಕೀಪರ್ ಹೊಳೆಯಲ್ಲಿ ಮುಳುಗಿ ತೀರಿಕೊಂಡ. ಮೂರು ವಾರ ಕಳೆದಿತ್ತು, ಅಂತರ ಕಾಲೇಜು ಸೆಮಿಫೈನಲ್. ನಮ್ಮ ಕೋಚ್ ಕೋಣೆಯ ಬಾಗಿಲು ಹಾಕಿಸಿ, ಅವನ ಜೆರ್ಸಿಯನ್ನು ಚೀಲದಿಂದ ತೆಗೆದು ಬೆಂಚಿನ ಮೇಲೆ ಹರಡಿ, "ಅವನು ಮೇಲಿಂದ ನೋಡ್ತಿದ್ದಾನೆ, ಇವತ್ತು ಅವನಿಗೋಸ್ಕರ ಗೆಲ್ಲಬೇಕು" ಎಂದರು. ಕೆಟ್ಟ ಮನುಷ್ಯರಲ್ಲ, ಅವರೂ ಅಳುತ್ತಿದ್ದರು. ನನ್ನ ಪಕ್ಕ ಕೂತಿದ್ದವನು ಅವನ ಹಾಸ್ಟೆಲ್ ರೂಮ್‌ಮೇಟ್, ನಮ್ಮ ಸ್ಟಾಪರ್ ಬ್ಯಾಕ್. ಎಡಗಾಲಿನ ಲೇಸು ಕಟ್ಟುತ್ತಿದ್ದವನ ಕೈ ನಿಂತಿತು. ಎರಡು ತುದಿಗಳನ್ನೂ ಬೆರಳಲ್ಲಿ ಹಿಡಿದುಕೊಂಡೇ ಇದ್ದ, ಗಂಟು ಹಾಕಲಿಲ್ಲ. "ಕಟ್ಟೋ ಮಾರಾಯ" ಎಂದು ನಾನೇ ಬಗ್ಗಿ ಕಟ್ಟಿದೆ. ನಾವು 3–0ಯಿಂದ ಸೋತೆವು. ಮೂರರಲ್ಲಿ ಎರಡು ಅವನ ಕಾಲಿನ ಕೆಳಗಿಂದಲೇ ಹೋದದ್ದು. ಆವತ್ತು ರಾತ್ರಿ ಬಸ್ಸಿನಲ್ಲಿ ಅವನು ಹೇಳಿದ್ದು ಒಂದೇ ಮಾತು: "ಅವನಿಗೆ ಅಷ್ಟೂ ಮಾಡ್ಲಿಕ್ಕೆ ಆಗ್ಲಿಲ್ಲ ಅಲ್ವಾ ನನ್ನಿಂದ." ಆಮೇಲೆ ಅವನು ಗ್ರೌಂಡಿಗೆ ಬರಲಿಲ್ಲ.

ಅದೇ ಮಾತು, ಅದೇ ಭಾವ. ಒಂದು ಕಡೆ ಎಂಟು ವರ್ಷ, ಇನ್ನೊಂದು ಕಡೆ ಮೂರು ವಾರ. ಹಸಿ ಗಾಯದ ಮೇಲೆ ಕೈಯಿಟ್ಟು ಏಳು ಎನ್ನುವುದು ಹುರಿದುಂಬಿಸುವುದಲ್ಲ. ಸತ್ತವನ ಋಣವನ್ನು ಬದುಕಿರುವ ಮಗುವಿನ ತಲೆಗೆ ಕಟ್ಟಿದ ಹಾಗೆ. ಗೆದ್ದರೆ ಋಣ ತೀರಿತು. ಸೋತರೆ? ಆ ಹುಡುಗ ಅದನ್ನು ಎಲ್ಲಿ ಇಳಿಸಬೇಕು?

ಪಂದ್ಯ

ಮೊದಲರ್ಧದಲ್ಲಿ ಯಾರಿಗೂ ಅಂಕವಿಲ್ಲ. ಮೂರನೇ ಭಾಗದಲ್ಲಿ ಆರ್ಮಿ ಗೆರೆ ದಾಟಿತು, ಹೆಚ್ಚುವರಿ ಕಿಕ್ ತಪ್ಪಿತು, 6–0. ಮಾತು ಕೇಳಿದ ಮೇಲೂ ಮೊದಲು ಹಿಂದೆ ಬಿದ್ದದ್ದು ನೋಟರ್ ಡೇಮೇ ಎಂಬುದನ್ನು ಕಥೆ ಹೇಳುವವರು ನುಂಗಿಬಿಡುತ್ತಾರೆ. ಆಮೇಲೆ ಜಾಕ್ ಶೆವಿನಿ ಎಂಬ ಹುಡುಗ ಗೆರೆಯ ಹತ್ತಿರದಿಂದ ಗುಂಪನ್ನು ಸೀಳಿಕೊಂಡು ನುಗ್ಗಿ ಬಿದ್ದ. "ಇದು ಗಿಪ್ಪರ್‌ಗೆ" ಎಂದನಂತೆ. 6–6. ಕೊನೆಯ ಭಾಗದಲ್ಲಿ ರಾಕ್ನಿ ಜಾನಿ ಓಬ್ರಿಯನ್ ಎಂಬ ಉದ್ದ ಕಾಲಿನ ಹುಡುಗನನ್ನು ಒಂದೇ ಒಂದು ಯತ್ನಕ್ಕೆಂದು ಒಳಗೆ ಕಳಿಸಿದ. ನೀಮಿಕ್ ಎಸೆದ 32 ಗಜದ ಚೆಂಡನ್ನು ಓಬ್ರಿಯನ್ ಕೈಯಲ್ಲಿ ತಡವರಿಸಿಕೊಂಡೇ ಹಿಡಿದು ಗೆರೆಯಾಚೆ ಬಿದ್ದ. ಅವನನ್ನು ತಕ್ಷಣ ವಾಪಸು ಕರೆಸಿಕೊಂಡರು. 12–6.

ಮುಗಿಯಲಿಲ್ಲ. ನೋಟರ್ ಡೇಮ್ ಒದ್ದು ಕಳಿಸಿದ ಚೆಂಡನ್ನು ಆರ್ಮಿಯ ಕೆಂಗೂದಲ ಓಟಗಾರ ಕ್ರಿಸ್ ಕೇಗಲ್ ಹಿಡಿದು ಅರ್ಧ ಮೈದಾನ ದಾಟಿಸಿದ. ಅಷ್ಟು ಓಡಿ ಸುಸ್ತಾದವನನ್ನು ಹೊರಗೆ ಕರೆಯಬೇಕಾಯಿತು. ಆರ್ಮಿ ಮುನ್ನುಗ್ಗಿತು, ಮುನ್ನುಗ್ಗಿತು, ಗೆರೆಗೆ ಒಂದು ಗಜವೂ ಇಲ್ಲದ ಕಡೆ ಚೆಂಡಿದ್ದಾಗ ಸಮಯ ಮುಗಿಯಿತು. ಇನ್ನೊಂದು ನಿಮಿಷ ಸಿಕ್ಕಿದ್ದರೆ ಈ ಮಾತನ್ನು ಇವತ್ತು ಯಾರೂ ನೆನೆಯುತ್ತಿರಲಿಲ್ಲ. ಆ ಹುಡುಗರು ತಡೆದು ನಿಂತದ್ದು ನಿಜ, ಅದನ್ನು ಯಾರೂ ಕಿತ್ತುಕೊಳ್ಳಲಾರರು. ಆದರೆ ಗೆದ್ದ ಅಂಕ ಬಂದದ್ದು ಮಾತಿನಿಂದಲೋ, ಯಾವ ಹುಡುಗನನ್ನು ಯಾವ ಕ್ಷಣಕ್ಕೆ ಇಳಿಸಬೇಕು ಎಂಬ ಕೋಚ್‌ನ ಲೆಕ್ಕದಿಂದಲೋ? ನಾನಂತೂ ಓಬ್ರಿಯನ್‌ನನ್ನು ಕಳಿಸಿದ ಆ ತೀರ್ಮಾನಕ್ಕೆ ಹೆಚ್ಚು ಅಂಕ ಕೊಡುತ್ತೇನೆ.

ಗಿಪ್ ನಿಜಕ್ಕೂ ಹಾಗೆ ಹೇಳಿದ್ದನೇ?

ಹೇಳಿದ್ದು ರಾಕ್ನಿಗೆ ಮಾತ್ರ, ಕೇಳಿದ್ದೂ ರಾಕ್ನಿಯೇ. ಬೇರೆ ಸಾಕ್ಷಿ ಇಲ್ಲ. ಗಿಪ್‌ನ ಒಡನಾಡಿಗಳು ಅವನನ್ನು "ಗಿಪ್ಪರ್" ಎಂದು ಕರೆಯುತ್ತಿದ್ದ ಗುರುತೂ ಇಲ್ಲ. ಪಂದ್ಯ ಮುಗಿದು ಎರಡು ದಿನಕ್ಕೆ ಫ್ರಾನ್ಸಿಸ್ ವಾಲೇಸ್ ಎಂಬ ವರದಿಗಾರ ನ್ಯೂಯಾರ್ಕಿನ ಡೈಲಿ ನ್ಯೂಸ್‌ನಲ್ಲಿ, ಗಿಪ್‌ನ ಆತ್ಮವೇ ಆರ್ಮಿಯನ್ನು ಸೋಲಿಸಿತು ಎಂಬರ್ಥದ ತಲೆಬರಹದಡಿ ಸುದ್ದಿ ಹೊರಗೆಡಹಿದ. ವಿದ್ಯಾರ್ಥಿಯಾಗಿದ್ದಾಗ ರಾಕ್ನಿಯ ಬಳಿಯೇ ಪ್ರಚಾರದ ಕೆಲಸ ಮಾಡಿದವನು ಅವನು. ಕಾಲಿಯರ್ಸ್ ಬರಹವನ್ನೂ ರಾಕ್ನಿಗಾಗಿ ಬೇರೊಬ್ಬರು ಬರೆದುಕೊಟ್ಟದ್ದು.

ಅನುಮಾನಕ್ಕೆ ಇನ್ನೂ ಗಟ್ಟಿ ಕಾರಣವಿದೆ. 1922ರಲ್ಲಿ ಅಟ್ಲಾಂಟಾದಲ್ಲಿ ಜಾರ್ಜಿಯಾ ಟೆಕ್ ವಿರುದ್ಧದ ಪಂದ್ಯಕ್ಕೆ ಮೊದಲು ರಾಕ್ನಿ ಕೈಯಲ್ಲಿ ತಂತಿ ಸಂದೇಶಗಳ ಕಟ್ಟು ಹಿಡಿದು ಬಂದನಂತೆ. ತನ್ನ ಪುಟ್ಟ ಮಗ ಬಿಲ್ಲಿ ಆಸ್ಪತ್ರೆಯಲ್ಲಿದ್ದಾನೆ, ಅಪ್ಪನ ತಂಡ ಗೆಲ್ಲಬೇಕೆಂದು ಕೇಳುತ್ತಿದ್ದಾನೆ ಎಂದು ಗದ್ಗದಿತನಾಗಿ ಓದಿದನಂತೆ. ಹುಡುಗರು ಪ್ರಾಣ ಕೊಟ್ಟು ಆಡಿ 13–3ರಿಂದ ಗೆದ್ದರು. ಸೌತ್ ಬೆಂಡಿನಲ್ಲಿ ರೈಲಿಳಿದರೆ ಸ್ವಾಗತಕ್ಕೆ ಬಂದ ಜನರ ನಡುವೆ ಬಿಲ್ಲಿ ಗುಂಡುಕಲ್ಲಿನ ಹಾಗೆ ಕುಣಿಯುತ್ತಿದ್ದ. ಇದನ್ನು ಹೇಳಿದವನು ಆ ತಂಡದಲ್ಲೇ ಆಡಿದ ಜಿಮ್ ಕ್ರೌಲಿ. ಮುಂದೆ ಅವನೂ ದೊಡ್ಡ ಕೋಚ್ ಆದ. ಅವನು ಇದನ್ನು ನಗುತ್ತಲೇ ನೆನೆಯುತ್ತಿದ್ದ ಎನ್ನುತ್ತಾರೆ.

ನನಗೆ ನಗು ಬರುವುದಿಲ್ಲ. ಆ ಸಲ ಎಲ್ಲರೂ ನಕ್ಕು ಬಿಟ್ಟರು, ಸರಿ. ಆದರೆ ಕೋಚ್ ಒಮ್ಮೆ ಸುಳ್ಳು ಹೇಳಿದ ಎಂದು ಗೊತ್ತಾದ ಹುಡುಗ, ಮುಂದೊಂದು ದಿನ "ನಿನ್ನ ಮೊಣಕಾಲಿಗೆ ಏನೂ ಆಗಿಲ್ಲ, ಆಡು" ಎಂದರೆ ನಂಬಬೇಕೇ? "ನಿನ್ನ ಮೊಣಕಾಲು ಕೆಟ್ಟಿದೆ, ಆಡಬೇಡ" ಎಂದರೆ ನಂಬಬೇಕೇ? ಎರಡನೆಯದನ್ನು ಅವನು ನಂಬಲೇಬೇಕು, ಅದು ಅವನ ಇಡೀ ಬಾಳಿನ ಪ್ರಶ್ನೆ. ಗಿಪ್‌ನ ಮಾತು ರಾಕ್ನಿಯ ಕಲ್ಪನೆಯೋ, ನೆನಪೋ, ಎರಡೂ ಬೆರೆತದ್ದೋ, ಇನ್ನು ತೀರ್ಮಾನ ಮಾಡುವವರಿಲ್ಲ. ನಾಟಕದಲ್ಲಿ ಪಾತ್ರ ಮಾಡಿದ ಮನುಷ್ಯನಿಗೆ ದನಿ ಎಲ್ಲಿ ಒಡೆಯಬೇಕು ಎಂಬುದು ಗೊತ್ತಿತ್ತು ಎಂಬುದಷ್ಟೇ ಖಾತ್ರಿ. ಅವನನ್ನು ನಾನು ತುಂಬ ಮೆಚ್ಚುತ್ತೇನೆ. ಈ ಒಂದು ವಿಷಯದಲ್ಲಿ ಅವನನ್ನು ಅನುಸರಿಸುವುದಿಲ್ಲ.

ಮುಂದಿನ ಶನಿವಾರ

ಆರ್ಮಿಯನ್ನು ಸೋಲಿಸಿದ ಸರಿಯಾಗಿ ಒಂದು ವಾರಕ್ಕೆ, ನವೆಂಬರ್ 17ರಂದು, ಅದೇ ಹುಡುಗರು ತಮ್ಮ ಮನೆಯಂಗಳದಲ್ಲೇ ಕಾರ್ನೆಗಿ ಟೆಕ್ ತಂಡಕ್ಕೆ 27–7ರಿಂದ ಸೋತರು. ತವರಿನ ಮೈದಾನದಲ್ಲಿ ನೋಟರ್ ಡೇಮ್ ಸೋತದ್ದು 1905ರ ನಂತರ ಅದೇ ಮೊದಲು. ಅದರ ಮುಂದಿನ ಪಂದ್ಯವನ್ನು ಸದರ್ನ್ ಕ್ಯಾಲಿಫೋರ್ನಿಯಾಕ್ಕೆ 27–14ರಿಂದ ಬಿಟ್ಟುಕೊಟ್ಟರು. ಐದು ಗೆಲುವು, ನಾಲ್ಕು ಸೋಲು. ರಾಕ್ನಿಯ ಬಾಳಿನ ಅತ್ಯಂತ ಕೆಟ್ಟ ವರ್ಷ.

ಆ ಪ್ರಸಿದ್ಧ ಮಾತು ಬಂದದ್ದು ಈ ವರ್ಷದಲ್ಲಿ. ಹುಡುಗರು ತಮ್ಮ ತಳದಲ್ಲಿದ್ದುದನ್ನೆಲ್ಲ ಒಂದು ಮಧ್ಯಾಹ್ನ ಬಸಿದು ಕೊಟ್ಟರು, ಮುಂದಿನ ವಾರಕ್ಕೆ ಏನೂ ಉಳಿದಿರಲಿಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ. ಇಂಥ ಮಾತು ಒಂದು ದಿನಕ್ಕೆ ಆಗುತ್ತದೆ. ನಮ್ಮ ಕಡೆ ಕೆಲವರು ಲೀಗ್‌ನ ಮೊದಲ ಪಂದ್ಯಕ್ಕೇ ತಾಯಿಯ ಕಣ್ಣೀರು, ಊರಿನ ಮಾನ, ಕಾಲೇಜಿನ ಗೌರವ ಎಲ್ಲವನ್ನೂ ತಂದು ಸುರಿಯುತ್ತಾರೆ. ಫೈನಲ್ ಬರುವಷ್ಟರಲ್ಲಿ ಹುಡುಗರ ಕಿವಿ ಮರಗಟ್ಟಿರುತ್ತದೆ.

ಬೈಗುಳದ ವಿಷಯದಲ್ಲೂ ಇಂಥದ್ದೇ ಒಂದು ಅಂಶ ಅಧ್ಯಯನದಲ್ಲಿ ಕಂಡಿದೆ. ಬ್ಯಾರಿ ಸ್ಟಾ ಮತ್ತು ಸಂಗಡಿಗರು ಅಮೆರಿಕದ 23 ಹೈಸ್ಕೂಲು ಮತ್ತು ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಗಳ ಕೋಚ್‌ಗಳು ವಿರಾಮದಲ್ಲಿ ಆಡಿದ 304 ಮಾತುಗಳನ್ನು ಧ್ವನಿಮುದ್ರಿಸಿ ಪರೀಕ್ಷಿಸಿದರು. ಸಿಟ್ಟು, ಅಸಮಾಧಾನ ತೋರಿಸಿದಾಗ ದ್ವಿತೀಯಾರ್ಧದ ಆಟ ಸುಧಾರಿಸಿದ್ದು ನಿಜ. ಆದರೆ ಒಂದು ಹದದವರೆಗೆ ಮಾತ್ರ. ಅದು ಮೀರಿದರೆ ಆಟ ಕೆಡುತ್ತದೆ.

ರಾಕ್ನಿ ಮತ್ತೆ ಎದ್ದದ್ದು ಮಾತಿನಿಂದಲ್ಲ. 1929ರಲ್ಲಿ ಕಾಲಿನ ರಕ್ತನಾಳದ ಉರಿಯೂತದಿಂದ ನಿಲ್ಲಲಾಗದೆ ಗಾಲಿಕುರ್ಚಿಯಲ್ಲಿ ಕೂತು ತರಬೇತಿ ಕೊಟ್ಟ. ಹೊಸ ಸ್ಟೇಡಿಯಂ ಕಟ್ಟುತ್ತಿದ್ದುದರಿಂದ ಆ ವರ್ಷದ ಒಂಬತ್ತೂ ಪಂದ್ಯಗಳು ಹೊರಗೆ. ಒಂಬತ್ತನ್ನೂ ಗೆದ್ದರು. 1930ರಲ್ಲಿ ಹತ್ತಕ್ಕೆ ಹತ್ತು. 1931ರ ಮಾರ್ಚ್ 31ರಂದು ಕಾನ್ಸಾಸ್‌ನ ಹುಲ್ಲುಗಾವಲಿನಲ್ಲಿ ಅವನಿದ್ದ ವಿಮಾನ ಬಿದ್ದು ಎಂಟು ಜನ ಸತ್ತರು. ಅವನಿಗೆ 43 ವರ್ಷ. ಆ ಹೊತ್ತಿಗೆ ಸ್ಟುಡಿಬೇಕರ್ ಕಾರು ಕಂಪನಿ ಅವನನ್ನು ತನ್ನ ಮಾರಾಟಗಾರರನ್ನು ಹುರಿದುಂಬಿಸುವ ಕೆಲಸಕ್ಕೂ ಇಟ್ಟುಕೊಂಡಿತ್ತು. ಅವನು ಸತ್ತ ಮೇಲೆ ಅವನ ಹೆಸರಿನ ಕಾರೂ ಬಂತು. 1940ರ ಚಲನಚಿತ್ರದಲ್ಲಿ ಗಿಪ್‌ನ ಪಾತ್ರ ಮಾಡಿದ ರೊನಾಲ್ಡ್ ರೇಗನ್ ಅಧ್ಯಕ್ಷನಾದ ಮೇಲೂ ಆ ಸಾಲನ್ನು ಬಳಸಿದ. ಸಾಯುವ ಹುಡುಗನ ಬಾಯಿಂದ ಬಂತೆಂದು ಹೇಳಿದ ಮಾತು ಚುನಾವಣಾ ವೇದಿಕೆಯವರೆಗೆ ಹೋಯಿತು. "ಇದು ಗಿಪ್ಪರ್‌ಗೆ" ಎಂದ ಜಾಕ್ ಶೆವಿನಿ ಎರಡನೇ ಮಹಾಯುದ್ಧದಲ್ಲಿ ಮರೀನ್ ಪಡೆಯ ಅಧಿಕಾರಿಯಾಗಿ 1945ರ ಫೆಬ್ರವರಿ 19ರಂದು ಇವೋ ಜಿಮಾದ ದಡದಲ್ಲಿ ಸತ್ತ.

ಒಬ್ಬ ಹುಡುಗನ ಪ್ರಶ್ನೆ

ಮೂರು ವರ್ಷದ ಹಿಂದೆ, ಮಳೆ ಹಿಡಿದು ಅಭ್ಯಾಸ ನಿಂತ ಒಂದು ಸಂಜೆ, ಕ್ರೀಡಾ ಸಾಮಗ್ರಿಯ ಕೋಣೆಯಲ್ಲಿ ನೆಟ್ಟಿನ ರಾಶಿಯ ಮೇಲೆ ಹುಡುಗರನ್ನು ಕೂರಿಸಿಕೊಂಡು ಈ ಕಥೆ ಹೇಳಿದೆ. ಪಂದ್ಯದ ದಿನ ಅಲ್ಲ, ಬೇಕೆಂದೇ ಬಿಡುವಿನ ದಿನ. ಗಣಿಯೂರು, 62 ಗಜದ ಕಿಕ್, ಆಸ್ಪತ್ರೆ, ಎಂಟು ವರ್ಷ, ಒಂದು ಗಜ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ಕೊನೆಗೆ ಹಿಂದೆ ಕೂತಿದ್ದ ಮೊದಲ ವರ್ಷದ ಹುಡುಗನೊಬ್ಬ ಕೇಳಿದ, ಅವನ ತಾಯಿ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್:

"ಸರ್, ಅವರಿಗೆ ಜ್ವರ ಇತ್ತು ಅಂದ್ರಲ್ಲ. ಮತ್ತೆ ಆ ಚಳಿಯಲ್ಲಿ ಯಾಕೆ ಆಡಿಸಿದ್ರು?"

"ಜನ ಕೂಗಿದ್ರಪ್ಪ" ಎಂದೆ.

"ಮ್ಯಾಚ್ ಗೆದ್ದಾಗಿತ್ತಲ್ವಾ ಸರ್?"

ಗೆದ್ದಾಗಿತ್ತು. ಆ ಕೆಲವು ನಿಮಿಷಗಳೇ ಅವನನ್ನು ಕೊಂದವು ಎಂದು ಯಾವ ವೈದ್ಯರೂ ಹೇಳಲಾರರು. ಸೋಂಕು ಆಗಲೇ ಹಿಡಿದಿತ್ತು, ಔಷಧವೇ ಇಲ್ಲದ ಕಾಲ. ಆದರೂ ಇಷ್ಟು ವರ್ಷ ಈ ಕಥೆ ಓದಿ, ಅದರ ಒಂದೊಂದು ಪದವನ್ನೂ ತೂಗಿ, ನಾನು ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಗಿಪ್‌ನ ಹೆಸರಿನಲ್ಲಿ ಗೆಲ್ಲಿ ಎಂದು ಕೇಳಿದ ಮನುಷ್ಯನೇ ಅವತ್ತು ಬೆಂಚಿನಿಂದ ಅವನನ್ನು ಎಬ್ಬಿಸಿದವನು. ಆ ಎಂಟು ವರ್ಷದ ಮೌನದೊಳಗೆ ರಾಕ್ನಿ ಈ ಪ್ರಶ್ನೆಯನ್ನು ಹೊತ್ತಿದ್ದನೋ ಏನೋ. ಹೊತ್ತಿದ್ದ ಎಂದೇ ನಂಬಲು ನನಗೆ ಇಷ್ಟ.

ಮಾರನೆಯ ದಿನ ಪೇಟೆಗೆ ಹೋಗಿ ಒಂದು ಥರ್ಮಾಮೀಟರ್ ತಂದೆ. ಈಗ ನಮ್ಮ ಕಿಟ್ ಬ್ಯಾಗಿನಲ್ಲಿ ಐಸ್ ಪ್ಯಾಕ್, ಕ್ರೇಪ್ ಬ್ಯಾಂಡೇಜಿನ ಪಕ್ಕ ಅದು ಇರುತ್ತದೆ. ಪಂದ್ಯದ ದಿನ ಬೆಳಿಗ್ಗೆ ಯಾರಾದರೂ ಕೆಮ್ಮಿದರೆ, ಗಂಟಲು ಕೆರೆಯುತ್ತದೆ ಎಂದರೆ, ಆ ನರ್ಸಮ್ಮನ ಮಗ ನನಗಿಂತ ಮೊದಲೇ ಚೀಲ ಬಿಚ್ಚುತ್ತಾನೆ. ಈಗ ಅವನೇ ನಾಯಕ. 100 ಡಿಗ್ರಿ ಕಂಡರೆ ಆ ಹುಡುಗ ಹೊದ್ದುಕೊಂಡು ನನ್ನ ಪಕ್ಕ ಕೂರುತ್ತಾನೆ. ಗ್ಯಾಲರಿಯಿಂದ ಯಾರು ಎಷ್ಟು ಕೂಗಿದರೂ ಕೂರುತ್ತಾನೆ.